ಒಬ್ಬರದೇ ನೆಲ, 439 ಪಾಲುದಾರರು

ಮಗನ ಇಂಜಿನಿಯರಿಂಗ್ ಸೀಟಿಗೋ ಮಗಳ ನರ್ಸಿಂಗ್ ಕೋರ್ಸಿಗೋ ಬ್ಯಾಂಕಿನಿಂದ ಸಾಲ ಪಡೆದ ತಂದೆ ತಾಯಂದಿರು ಸಾಲಪತ್ರದ ಇಂಗ್ಲಿಷ್ ಪ್ರತಿಯನ್ನು ಒಮ್ಮೆ ತೆರೆದು ನೋಡಲಿ. 'ಜಾಯಿಂಟ್ಲಿ ಅಂಡ್ ಸೆವರಲಿ' ಎಂಬ ಮಾತು ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ. ಸಾಲಕ್ಕೆ ತಂದೆ, ಮಗ ಇಬ್ಬರೂ ಒಟ್ಟಾಗಿ ಹೊಣೆ. ಹಾಗೆಯೇ ಪ್ರತಿಯೊಬ್ಬನೂ ಬೇರೆಯಾಗಿ ಇಡೀ ಸಾಲಕ್ಕೆ ಹೊಣೆ ಎಂದು ಅದರ ಅರ್ಥ. ಮಗ ಕಟ್ಟದಿದ್ದರೆ ಅಪ್ಪ ಪೂರ್ತಿ ಕಟ್ಟಬೇಕು, ಅರ್ಧ ಕಟ್ಟಿ ಕೈ ತೊಳೆದುಕೊಳ್ಳುವಂತಿಲ್ಲ.

ಆದರೆ 'ಸೆವರಲ್' ಎಂದರೆ 'ಹಲವು' ಎಂದಲ್ಲವೇ ನಾವು ತರಗತಿಯಲ್ಲಿ ಕಲಿತದ್ದು? ಹೌದು. ಅದು ಆ ಪದದ ಈಗಿನ ಅರ್ಥ. ಮೂಲ ಅರ್ಥ 'ಬೇರೆ ಬೇರೆಯಾದ' ಎಂದು. 'ಸೆಪರೇಟ್' ಮತ್ತು 'ಸೆವರಲ್' ಎರಡೂ ಲ್ಯಾಟಿನ್ನಿನ ಒಂದೇ ಬೇರಿನಿಂದ ಬಂದ ಅಕ್ಕತಂಗಿಯರು. ಬೇರೆ ಬೇರೆಯಾಗಿ ಇಟ್ಟ ವಸ್ತುಗಳು ಕಣ್ಣಿಗೆ ಹಲವಾಗಿ ಕಾಣುತ್ತವೆ. ಹಾಗೆ ಜನರ ಬಾಯಲ್ಲಿ ಅರ್ಥ ಜಾರಿತು. ಕಾನೂನಿನವರು ಮಾತ್ರ ಹಳೆಯ ಅರ್ಥವನ್ನು ಬಿಡಲಿಲ್ಲ. ಈ ಪದದಿಂದಲೇ ಹುಟ್ಟಿದ್ದು ಇಂದು ಇಂಗ್ಲಿಷ್ ಬಲ್ಲವರಿಗೂ ಅಪರೂಪವಾದ 'ಸೆವರಲ್ಟಿ' ಎಂಬ ಮಾತು. ಒಂದು ಜಮೀನು ಒಬ್ಬನೇ ವ್ಯಕ್ತಿಗೆ ಸೇರಿರುವುದು, ಅದರಲ್ಲಿ ಮತ್ತೊಬ್ಬರ ಪಾಲು ಇಲ್ಲದಿರುವುದು ಸೆವರಲ್ಟಿ. ಕೇಳಿದರೆ 'ಹಲವರದು' ಎನ್ನಿಸುವ ಪದಕ್ಕೆ 'ಒಬ್ಬನದೇ' ಎಂಬ ಅರ್ಥ!

ಬ್ಲ್ಯಾಕ್‌ಸ್ಟೋನ್ ಎಂಬ ಇಂಗ್ಲೆಂಡಿನ ನ್ಯಾಯಪಂಡಿತ 1766ರಲ್ಲಿ ತನ್ನ ದೊಡ್ಡ ಗ್ರಂಥದ ಎರಡನೆಯ ಸಂಪುಟದಲ್ಲಿ ಭೂಮಿಯನ್ನು ಹೊಂದುವ ನಾಲ್ಕು ಬಗೆಗಳನ್ನು ಒಂದೇ ಅಧ್ಯಾಯದಲ್ಲಿ ವಿವರಿಸಿದ್ದಾನೆ. ಮೊದಲನೆಯದು ಸೆವರಲ್ಟಿ. ಉಳಿದ ಮೂರೂ ಒಬ್ಬರಿಗಿಂತ ಹೆಚ್ಚು ಜನ ಸೇರಿ ಹೊಂದುವ ಬಗೆಗಳು. ಸೆವರಲ್ಟಿಯ ಬಗ್ಗೆ ಆತ ಬರೆದದ್ದು ಬಹಳ ಕಡಿಮೆ. ಅದು ಎಲ್ಲರಿಗೂ ತಿಳಿದ ಸಾಮಾನ್ಯ ಬಗೆ, ಹೆಚ್ಚು ಹೇಳುವುದೇನಿದೆ ಎಂಬ ಧಾಟಿ. ಆ ನಾಲ್ಕರಲ್ಲಿ ಒಂದಾದ 'ಕೋಪಾರ್ಸನರಿ' ಎಂಬ ಪದವನ್ನು ನಮ್ಮ ವಕೀಲರ ಬಾಯಲ್ಲಿ ಈಗಲೂ ಕೇಳಬಹುದು. ಬ್ರಿಟಿಷರು ನಮ್ಮ ಅವಿಭಕ್ತ ಕುಟುಂಬದ ಆಸ್ತಿಗೆ ಅದೇ ಹೆಸರನ್ನು ಅಂಟಿಸಿದರು. ಅದಕ್ಕೆ ಅವರು ಆಧಾರವಾಗಿ ಹಿಡಿದ 'ಮಿತಾಕ್ಷರಾ' ಹುಟ್ಟಿದ್ದು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರನಿಂದ. ಪಾಲಾಗುವವರೆಗೆ ಇಡೀ ಆಸ್ತಿ ಎಲ್ಲರದು, ಪಾಲಾದ ಮೇಲೆ ಅವರವರದು ಅವರವರಿಗೆ ಎಂಬ ಅದರ ತಿರುಳನ್ನು ನಮ್ಮ ಹಳ್ಳಿಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಬ್ಲ್ಯಾಕ್‌ಸ್ಟೋನ್ ನಾಲ್ಕು ಮಾತಿನಲ್ಲಿ ಮುಗಿಸಿದ ಈ ಪದ ನೂರಿಪ್ಪತ್ತು ವರ್ಷಗಳ ನಂತರ ಅಟ್ಲಾಂಟಿಕ್ ಸಾಗರದ ಆಚೆ ಒಂದು ಕಾಯ್ದೆಯ ಹೆಸರಿನಲ್ಲೇ ಕಾಣಿಸಿಕೊಂಡಿತು. ಅಲ್ಲಿ ಅದು ಮಾಡಿದ ಕೆಲಸ ಸಣ್ಣದಲ್ಲ.

ಡಾಸ್ ಸಾಹೇಬರ ಕಾಯ್ದೆ

1887ರ ಫೆಬ್ರವರಿ 8ರಂದು ಅಮೆರಿಕದ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ಒಂದು ಮಸೂದೆಗೆ ಸಹಿ ಹಾಕಿದರು. ಮೂಲನಿವಾಸಿಗಳಿಗೆ ಮೀಸಲಾಗಿದ್ದ ಪ್ರದೇಶಗಳ ಭೂಮಿಯನ್ನು ಅವರಿಗೆ 'ಸೆವರಲ್ಟಿಯಲ್ಲಿ' ಹಂಚಿಕೊಡುವ ಕಾಯ್ದೆ ಎಂಬುದೇ ಅದರ ಶೀರ್ಷಿಕೆ. ನಮ್ಮ ಹಳೆಯ ಪಠ್ಯಪುಸ್ತಕಗಳು 'ರೆಡ್ ಇಂಡಿಯನ್ನರು' ಎಂದು ಕರೆಯುತ್ತಿದ್ದರಲ್ಲ, ಅವರೇ ಈ ಮೂಲನಿವಾಸಿಗಳು. ಮಸೂದೆ ತಂದವರು ಮ್ಯಾಸಚೂಸೆಟ್ಸ್‌ನ ಸೆನೆಟರ್ ಹೆನ್ರಿ ಡಾಸ್. ಹಾಗಾಗಿ ಅದು ಡಾಸ್ ಕಾಯ್ದೆ ಎಂದೇ ಪ್ರಸಿದ್ಧ.

ಅದುವರೆಗೆ ಆ ನೆಲ ಇಡೀ ಬುಡಕಟ್ಟಿಗೆ ಸೇರಿದ್ದು. ಹಾಗೆಂದು ಯಾರಿಗೂ ತಮ್ಮದೆಂಬ ಹೊಲವೇ ಇರಲಿಲ್ಲ ಎಂದಲ್ಲ. ಬೇಸಾಯ ಮಾಡುವ ಬುಡಕಟ್ಟುಗಳಲ್ಲಿ ಒಂದು ಕುಟುಂಬ ಉತ್ತು ಬಿತ್ತಿದ ಹೊಲ ಆ ಕುಟುಂಬದ ಅನುಭೋಗದಲ್ಲೇ ಇರುತ್ತಿತ್ತು. ಮಾರುವ ಹಕ್ಕು ಮಾತ್ರ ಇರಲಿಲ್ಲ. ಬೇಟೆಯ ಬಯಲು ನಮ್ಮ ಗೋಮಾಳದ ಹಾಗೆ, ಎಲ್ಲರದು.

ಡಾಸ್ ಕೆಟ್ಟ ಮನುಷ್ಯರಾಗಿರಲಿಲ್ಲ. ತಮ್ಮನ್ನು ಮೂಲನಿವಾಸಿಗಳ ಹಿತೈಷಿ ಎಂದೇ ನಂಬಿದ್ದರು. ಚೆರೊಕೀ ಬುಡಕಟ್ಟಿನ ಬಗ್ಗೆ ಅವರು 1885ರಲ್ಲಿ ಆಡಿದ ಮಾತಿನ ಸಾರಾಂಶ ಕೇಳಿ. ಅಲ್ಲಿ ಮನೆಯಿಲ್ಲದ ಕುಟುಂಬ ಒಂದೂ ಇಲ್ಲವಂತೆ, ಭಿಕಾರಿ ಒಬ್ಬನೂ ಇಲ್ಲವಂತೆ, ಆ ಜನಾಂಗಕ್ಕೆ ಒಂದು ಡಾಲರ್ ಸಾಲವೂ ಇಲ್ಲವಂತೆ. ಆದರೂ ಅವರು ಮುಂದೆ ಬರಲಾರರು, ಏಕೆಂದರೆ ಭೂಮಿ ಎಲ್ಲರದಾಗಿರುವುದರಿಂದ ಅವರಲ್ಲಿ ಸ್ವಾರ್ಥವಿಲ್ಲ, ನಾಗರಿಕತೆಯ ತಳಪಾಯವೇ ಸ್ವಾರ್ಥ ಎಂಬುದು ಅವರ ತೀರ್ಮಾನ. ಭಿಕಾರಿಯೂ ಇಲ್ಲದ, ಸಾಲವೂ ಇಲ್ಲದ ಊರಿಗೆ ಯಾವ ಕಾಯಿಲೆ ಎಂದು ಔಷಧಿ ಕೊಡಲು ಹೊರಟರೋ!

ಹಂಚಿಕೆಯ ಲೆಕ್ಕ ಹೀಗಿತ್ತು. ಕುಟುಂಬದ ಯಜಮಾನನಿಗೆ 160 ಎಕರೆ, ಹದಿನೆಂಟು ದಾಟಿದ ಅವಿವಾಹಿತರಿಗೂ ಅನಾಥ ಮಕ್ಕಳಿಗೂ 80, ಉಳಿದ ಕಿರಿಯರಿಗೆ 40. ಗಂಡನಿದ್ದ ಹೆಂಗಸಿಗೆ ಏನೂ ಇಲ್ಲ. (1891ರಲ್ಲಿ ತಿದ್ದುಪಡಿ ಮಾಡಿ ಎಲ್ಲರಿಗೂ ತಲಾ 80 ಎಕರೆ ಎಂದರು.) ಹಂಚಿದ ನೆಲ 25 ವರ್ಷ ಸರ್ಕಾರದ ವಶದಲ್ಲಿ ಟ್ರಸ್ಟ್ ಆಗಿ ಇರಬೇಕು. ಅಷ್ಟು ಕಾಲ ಅದಕ್ಕೆ ಕಂದಾಯವಿಲ್ಲ, ಅದನ್ನು ಮಾರುವಂತೆಯೂ ಇಲ್ಲ. ಆಮೇಲೆ ಸಂಪೂರ್ಣ ಸ್ವಾಮ್ಯ. ಎಲ್ಲರಿಗೂ ಹಂಚಿ ಮಿಕ್ಕದ್ದು 'ಹೆಚ್ಚುವರಿ ಭೂಮಿ'. ಅದನ್ನು ಸರ್ಕಾರ ಕೊಂಡು ಬಿಳಿಯ ವಲಸಿಗರಿಗೆ ಬಿಟ್ಟುಕೊಡಬಹುದು. ಕಾಯ್ದೆಯ ಮುಳ್ಳು ಇದ್ದದ್ದು ಇಲ್ಲಿ. ತಲೆಗಿಷ್ಟು ಎಂದು ಹಂಚಿದರೆ ವಿಶಾಲ ಬಯಲಿನಲ್ಲಿ ಬಹುಪಾಲು 'ಹೆಚ್ಚುವರಿ'ಯೇ ಆಗುತ್ತದೆ ಎಂಬುದಕ್ಕೆ ದೊಡ್ಡ ಗಣಿತ ಬೇಡ.

160 ಎಕರೆ ಎಂದೊಡನೆ ನಮ್ಮ ರೈತರ ಕಣ್ಣರಳುತ್ತದೆ. ಮಳೆ ಬರುವ ಕಡೆ ಅದು ನಿಜವಾಗಿಯೂ ದೊಡ್ಡ ಹಿಡುವಳಿ. ಆದರೆ ಮೀಸಲು ಪ್ರದೇಶಗಳಲ್ಲಿ ಅನೇಕವು ಇದ್ದದ್ದು ಅಮೆರಿಕದ ಒಣ ಪಶ್ಚಿಮದಲ್ಲಿ. ಜಾನ್ ವೆಸ್ಲಿ ಪೊವೆಲ್ ಎಂಬ ಭೂವಿಜ್ಞಾನಿ ಆ ಸೀಮೆಯನ್ನು ತಿರುಗಿ ನೋಡಿ 1878ರಲ್ಲೇ ಸರ್ಕಾರಕ್ಕೆ ವರದಿ ಕೊಟ್ಟಿದ್ದರು. ವರ್ಷಕ್ಕೆ 20 ಅಂಗುಲಕ್ಕಿಂತ ಕಡಿಮೆ ಮಳೆ ಬೀಳುವಲ್ಲಿ ನೀರಾವರಿ ಇಲ್ಲದೆ ಬೇಸಾಯ ನೆಚ್ಚುವಂಥದಲ್ಲ. ದನ ಮೇಯಿಸಿ ಬದುಕಬೇಕಾದರೆ ಒಂದು ಕುಟುಂಬಕ್ಕೆ 2,560 ಎಕರೆಯಾದರೂ ಬೇಕು ಎಂದು. ಕಾಯ್ದೆ ಕೊಟ್ಟದ್ದು ಅದರ ಹದಿನಾರನೇ ಒಂದು ಭಾಗ. ವಿಜ್ಞಾನಿಯ ವರದಿ ಕಪಾಟಿನಲ್ಲಿ, ಕಾಯ್ದೆ ಹೊಲದಲ್ಲಿ. ಇದು ಎಲ್ಲ ದೇಶಗಳ ಕತೆ.

ಮುಂದೇನಾಗುತ್ತದೆ ಎಂಬುದನ್ನು ಕಂಡವರು ಇರಲಿಲ್ಲ ಎನ್ನುವಂತಿಲ್ಲ. ಇಂಥದೇ ಹಿಂದಿನ ಮಸೂದೆಯೊಂದು 1881ರಲ್ಲಿ ಚರ್ಚೆಗೆ ಬಂದಾಗ ಕೊಲರಾಡೋದ ಸೆನೆಟರ್ ಹೆನ್ರಿ ಟೆಲ್ಲರ್ ಎದ್ದು ನಿಂತು, ಮೂವತ್ತು ನಲವತ್ತು ವರ್ಷಗಳಲ್ಲಿ ಈ ಜನ ತಮ್ಮ ನೆಲ ಕಳೆದುಕೊಂಡಿರುತ್ತಾರೆ, ಆಗ ತಮ್ಮನ್ನು ಕಾಪಾಡುತ್ತೇವೆಂದು ಬಂದ ಕೈಯನ್ನೇ ಶಪಿಸುತ್ತಾರೆ ಎಂದು ಎಚ್ಚರಿಸಿದ್ದರು.

ಕೊನೆಯ ಬಾಣ

25 ವರ್ಷ ಕಾಯುವ ತಾಳ್ಮೆಯೂ ಸರ್ಕಾರಕ್ಕೆ ಉಳಿಯಲಿಲ್ಲ. 1906ರ ಬರ್ಕ್ ಕಾಯ್ದೆಯಂತೆ, ತನ್ನ ವ್ಯವಹಾರ ತಾನು ನೋಡಿಕೊಳ್ಳಲು 'ಸಮರ್ಥ' ಎಂದು ಅಧಿಕಾರಿಗಳು ತೀರ್ಮಾನಿಸಿದ ಯಾರಿಗೇ ಆಗಲಿ ಅವಧಿಗೆ ಮೊದಲೇ ಪೂರ್ಣ ಹಕ್ಕುಪತ್ರ ಕೊಡಬಹುದಾಯಿತು. ಇದಕ್ಕೊಂದು ಸಮಾರಂಭವೂ ಇತ್ತು. 1916ರಲ್ಲಿ ಯಾಂಕ್ಟನ್ ಮೀಸಲು ಪ್ರದೇಶದಲ್ಲಿ ನಡೆದದ್ದು ಹೀಗೆ: ಒಬ್ಬೊಬ್ಬನನ್ನೇ ಅವನ ಬುಡಕಟ್ಟಿನ ಹೆಸರು ಹಿಡಿದು ಕರೆಯುವುದು, ಕೈಗೆ ಬಿಲ್ಲು ಬಾಣ ಕೊಟ್ಟು ಬಿಡಿಸುವುದು, ಇದು ನಿನ್ನ ಕೊನೆಯ ಬಾಣ ಎನ್ನುವುದು. ಆಮೇಲೆ ನೇಗಿಲ ಮೇಲೆ ಕೈ ಇಡಿಸಿ, ದುಡಿದ ಹಣವನ್ನು ಜೋಪಾನವಾಗಿ ಇಟ್ಟುಕೊಳ್ಳಲೆಂದು ಒಂದು ಹಣದ ಚೀಲ ಕೊಡುವುದು.

ಚೀಲ ಬಂತು, ಜೊತೆಗೆ ಕಂದಾಯವೂ ಬಂತು. ಪೂರ್ಣ ಹಕ್ಕುಪತ್ರ ಸಿಕ್ಕ ಕೂಡಲೇ ಟ್ರಸ್ಟಿನ ರಕ್ಷಣೆ ಹೋಗಿ ನೆಲ ತೆರಿಗೆಗೆ ಒಳಪಟ್ಟಿತು. ಕೈಯಲ್ಲಿ ರೊಕ್ಕವಿಲ್ಲದವರು ಮಾರಿದರು, ಅಡವಿಟ್ಟರು. ತೆರಿಗೆ ಬಾಕಿಗಾಗಿ ಹರಾಜಾದದ್ದೂ ಬಹಳ. 1917ರಲ್ಲಿ ಇನ್ನೊಂದು ಹೆಜ್ಜೆ: ಮೈಯಲ್ಲಿ ಅರ್ಧಕ್ಕಿಂತ ಕಡಿಮೆ 'ಇಂಡಿಯನ್ ರಕ್ತ' ಇರುವ ವಯಸ್ಕರನ್ನು ಸಮರ್ಥರೆಂದೇ ಎಣಿಸತಕ್ಕದ್ದು ಎಂಬ ಸರ್ಕಾರಿ ನೀತಿ. ರಕ್ತದಲ್ಲಿ ಜಾತಿಯ ಭಿನ್ನರಾಶಿಯನ್ನು ಅಳೆಯುವ ಉಪಕರಣ ನಾನು ಕಂಡ ಯಾವ ಪ್ರಯೋಗಾಲಯದಲ್ಲೂ ಇಲ್ಲ.

1887ರಲ್ಲಿ ಮೂಲನಿವಾಸಿಗಳ ಕೈಯಲ್ಲಿ ಸುಮಾರು 13 ಕೋಟಿ 80 ಲಕ್ಷ ಎಕರೆ ನೆಲವಿತ್ತು. 1934ರಲ್ಲಿ ಹಂಚಿಕೆಯನ್ನು ನಿಲ್ಲಿಸುವ ಹೊಸ ಕಾಯ್ದೆ ಬರುವ ಹೊತ್ತಿಗೆ ಉಳಿದದ್ದು ಸುಮಾರು 4 ಕೋಟಿ 80 ಲಕ್ಷ ಎಕರೆ. ನಮ್ಮ ಇಡೀ ಕರ್ನಾಟಕದ ವಿಸ್ತೀರ್ಣ ಸುಮಾರು 4 ಕೋಟಿ 74 ಲಕ್ಷ ಎಕರೆ. ಅಂದರೆ ಮೂರು ಕರ್ನಾಟಕಗಳಷ್ಟು ಇದ್ದದ್ದು ನಲವತ್ತೇಳು ವರ್ಷಗಳಲ್ಲಿ ಒಂದು ಕರ್ನಾಟಕದಷ್ಟಾಯಿತು.

ಲ.ಸಾ.ಅ. ಹೇಳುವ ಕತೆ

ಕಳೆದುಕೊಂಡವರ ಕತೆ ಇದಾಯಿತು. ಕಳೆದುಕೊಳ್ಳದೆ ಟ್ರಸ್ಟಿನಲ್ಲೇ ಉಳಿಸಿಕೊಂಡವರ ಕತೆ ಬೇರೆ. 25 ವರ್ಷದ ಅವಧಿಯನ್ನು ಮತ್ತೆ ಮತ್ತೆ ವಿಸ್ತರಿಸಿ, 1934ರಲ್ಲಿ ಅನಿರ್ದಿಷ್ಟ ಕಾಲಕ್ಕೆ ಮುಂದುವರಿಸಿದರು. ನೆಲವೇನೋ ಉಳಿಯಿತು, ಒಡೆಯ ಸತ್ತ.

ಈ ಭಾಗವನ್ನು ವಿದ್ಯಾರ್ಥಿಗಳು ಪೆನ್ಸಿಲ್ ಹಿಡಿದು ಓದಬೇಕು. 160 ಎಕರೆಯ ಒಡೆಯನಿಗೆ ನಾಲ್ಕು ಮಕ್ಕಳು, ಅವರಿಗೆ ತಲಾ ನಾಲ್ಕು ಎಂದಿಟ್ಟುಕೊಳ್ಳಿ. ಮಕ್ಕಳ ಪಾಲು 1/4, ಮೊಮ್ಮಕ್ಕಳದು 1/16, ಮರಿಮಕ್ಕಳದು 1/64, ಅವರ ಮಕ್ಕಳದು 1/256. ನೆಲವನ್ನೇ ಅಳೆದು ಹಂಚಿದ್ದರೆ ಕೊನೆಯವರಿಗೆ ತಲಾ 25 ಗುಂಟೆ ಬರುತ್ತಿತ್ತು. ಚಿಕ್ಕದು, ಆದರೂ ಬೇಲಿ ಹಾಕಿ 'ನನ್ನದು' ಎನ್ನಬಹುದು. ಅಲ್ಲಿ ಹಾಗೆ ಆಗಲಿಲ್ಲ. ಜಮೀನು ಸರ್ಕಾರದ ಟ್ರಸ್ಟಿನಲ್ಲಿ ಇದ್ದುದರಿಂದ ನೆಲ ಒಡೆಯಲಿಲ್ಲ, ಕಚೇರಿಯ ಲೆಡ್ಜರಿನಲ್ಲಿ ಅಂಕಿ ಒಡೆಯಿತು. 256 ಜನರಿಗೆ ಒಂದೇ ಜಮೀನಿನ ಒಂದೊಂದು ಹಿಡಿ ಮಣ್ಣಿನಲ್ಲೂ 1/256 ಪಾಲು.

ನಮ್ಮಲ್ಲೂ ಜಂಟಿ ಖಾತೆಯ ಪಹಣಿಯಲ್ಲಿ ಹತ್ತು ಹದಿನೈದು ಹೆಸರು ಸಾಲಾಗಿ ನಿಂತಿರುವುದನ್ನು ನೋಡಿದ್ದೇವೆ. ಆದರೆ ಪಾಲುದಾರರಲ್ಲಿ ಒಬ್ಬ ಹಟ ಹಿಡಿದರೆ ಸಾಕು, ವಿಭಾಗದ ದಾವೆ ಹೂಡಿ, ಪೋಡಿ ಮಾಡಿಸಿ, ತನ್ನ ಹಿಸ್ಸಾ ನಂಬರ್ ಪಡೆಯಲು ದಾರಿಯಿದೆ. ವರ್ಷಗಟ್ಟಲೆ ಅಲೆಯಬೇಕು ನಿಜ, ಬಾಗಿಲಂತೂ ಇದೆ. ಟ್ರಸ್ಟ್ ಭೂಮಿಯಲ್ಲಿ ಆ ಬಾಗಿಲಿನ ಬೀಗದ ಕೈ ಸರ್ಕಾರದ ಬಳಿ ಇತ್ತು.

ಇದರ ತುತ್ತತುದಿಯ ಉದಾಹರಣೆ ಅಮೆರಿಕದ ಸುಪ್ರೀಂ ಕೋರ್ಟಿನ 1987ರ ಒಂದು ತೀರ್ಪಿನಲ್ಲಿದೆ. ಲೇಕ್ ಟ್ರಾವರ್ಸ್ ಎಂಬ ಮೀಸಲು ಪ್ರದೇಶ, ಜಮೀನಿನ ಸಂಖ್ಯೆ 1305, ವಿಸ್ತೀರ್ಣ 40 ಎಕರೆ. ಒಡೆಯರು 439 ಜನ. ಬೆಲೆ 8,000 ಡಾಲರ್, ವರ್ಷದ ಗೇಣಿ 1,080 ಡಾಲರ್. ಅತಿ ದೊಡ್ಡ ಪಾಲುದಾರನಿಗೆ ವರ್ಷಕ್ಕೆ 82 ಡಾಲರ್ 85 ಸೆಂಟ್. ಮೂರನೇ ಒಂದು ಭಾಗದ ಜನರಿಗೆ ವರ್ಷಕ್ಕೆ 5 ಸೆಂಟಿಗಿಂತ ಕಡಿಮೆ. (ಇದು ನಮ್ಮ ಕರಾವಳಿಯವರು ಜಾಗ ಅಳೆಯುವ ಸೆಂಟ್ಸ್ ಅಲ್ಲ, ಡಾಲರಿನ ನೂರನೇ ಒಂದು ಭಾಗ.) ಅತಿ ಚಿಕ್ಕ ಪಾಲುದಾರನಿಗೆ 177 ವರ್ಷಕ್ಕೊಮ್ಮೆ ಒಂದು ಸೆಂಟ್! ಈ ಒಂದು ಜಮೀನಿನ ಲೆಕ್ಕಪತ್ರ ಇಡಲು ಸರ್ಕಾರಕ್ಕೆ ತಗಲುವ ಖರ್ಚು ವರ್ಷಕ್ಕೆ 17,560 ಡಾಲರ್ ಎಂದು ಅಂದಾಜು. ಆದಾಯದ ಹದಿನಾರು ಪಟ್ಟು.

ಎಲ್ಲರ ಪಾಲನ್ನೂ ಒಂದೇ ಛೇದಕ್ಕೆ ತಂದಾಗ ಬಂದ ಛೇದ 33,94,92,38,40,000. ಮೂರು ಲಕ್ಷದ ಮೂವತ್ತೊಂಬತ್ತು ಸಾವಿರ ಕೋಟಿಗೂ ಮೇಲೆ. ಇಷ್ಟು ದೊಡ್ಡ ಸಂಖ್ಯೆ ನೋಡಿದರೆ ಗಣಿತದ ಮೇಷ್ಟರ ಕೈ ಸುಮ್ಮನಿರುವುದಿಲ್ಲ. ಅವಿಭಾಜ್ಯ ಅಪವರ್ತನಗಳಾಗಿ ಒಡೆದು ನೋಡಿದೆ: 2 ಒಂಬತ್ತು ಸಲ, 3 ಒಂಬತ್ತು ಸಲ, 5 ನಾಲ್ಕು ಸಲ, 7 ಎರಡು ಸಲ, 11 ಒಂದು ಸಲ. ಗುಣಿಸಿ ನೋಡಿ, ಸರಿಯಾಗಿ ಬರುತ್ತದೆ. ಇದು ಬರೀ ಅಂಕಿಯಲ್ಲ, ಒಂದು ಬಗೆಯ ವಂಶವೃಕ್ಷ. 7 ಬಂದಿದೆ ಎಂದರೆ ಎಲ್ಲೋ ಒಬ್ಬರ ಪಾಲು ಏಳು ಭಾಗವಾಗಿದೆ, ಇಲ್ಲವೇ ಏಳರ ಯಾವುದೋ ಅಪವರ್ತ್ಯದಷ್ಟು ಭಾಗವಾಗಿದೆ. 11 ಬಂದಿದೆ ಎಂದರೆ ಯಾವುದೋ ಒಂದು ಮನೆಯಲ್ಲಿ ಹನ್ನೊಂದು ವಾರಸುದಾರರು ಸಾಲಾಗಿ ನಿಂತಿರಬಹುದು. ಲ.ಸಾ.ಅ. ಕಲಿತು ಏನು ಪ್ರಯೋಜನ ಸಾರ್ ಎಂದು ಕೇಳುವ ಹುಡುಗರಿಗೆ ಈ ಲೆಕ್ಕ ಕೊಡಬೇಕು.

ಇನ್ನೂ ಒಂದು ಹೆಜ್ಜೆ ಹೋಗೋಣ. 177 ವರ್ಷಕ್ಕೆ ಒಂದು ಸೆಂಟ್ ಎಂದರೆ ಆ ವ್ಯಕ್ತಿಯ ಪಾಲು ಸುಮಾರು 1 ಕೋಟಿ 91 ಲಕ್ಷದಲ್ಲಿ ಒಂದು ಭಾಗ. 40 ಎಕರೆಯಲ್ಲಿ ಅಷ್ಟು ಭಾಗವೆಂದರೆ ಸುಮಾರು 85 ಚದರ ಸೆಂಟಿಮೀಟರ್. ಒಂದು ಅಂಗೈ ಅಗಲ. ಅದೂ 'ಇದೋ ಇಲ್ಲಿದೆ' ಎಂದು ತೋರಿಸಬಲ್ಲ ಅಂಗೈ ಅಗಲವಲ್ಲ, ಇಡೀ ನಲವತ್ತು ಎಕರೆಯಲ್ಲಿ ಹರಡಿಹೋದ ಅಂಗೈ ಅಗಲ. ವಿಕಿರಣ ವಸ್ತುವಿನ ಅರ್ಧಾಯುವಿನ ಪಾಠದಲ್ಲಿ ಹೇಳುತ್ತೇವಲ್ಲ, ಪ್ರತಿ ಅವಧಿಗೂ ಕುಗ್ಗುತ್ತದೆ, ಪೂರ್ತಿ ಸೊನ್ನೆ ಆಗುವುದೇ ಇಲ್ಲ ಎಂದು, ಹಾಗೆ.

ಎಲ್ಲರದಾಗಿದ್ದ ನೆಲವನ್ನು ಒಬ್ಬೊಬ್ಬನಿಗೆ ಬೇರೆ ಬೇರೆಯಾಗಿ ಕೊಡುತ್ತೇವೆಂದು ಹೊರಟ ಕಾಯ್ದೆ ಇದು. ನೂರು ವರ್ಷದಲ್ಲಿ ಅದು ತಲುಪಿದ್ದು ಯಾರಿಗೂ ಬೇರೆ ಮಾಡಿಕೊಳ್ಳಲಾಗದ ನೆಲಕ್ಕೆ. ಮೊದಲು ಬುಡಕಟ್ಟು ಸಭೆ ಸೇರಿ ಎಲ್ಲಿ ಬಿತ್ತಬೇಕು, ಎಲ್ಲಿ ಮೇಯಿಸಬೇಕು ಎಂದು ತೀರ್ಮಾನಿಸಬಹುದಿತ್ತು. ಈಗ 439 ಜನರಲ್ಲಿ ಒಬ್ಬ ಅಲ್ಲೊಂದು ಮನೆ ಕಟ್ಟಬೇಕೆಂದರೆ ಎಷ್ಟು ಜನರನ್ನು ಹುಡುಕಿ ಒಪ್ಪಿಸಬೇಕು? ಅದಕ್ಕಿಂತ ಹೊರಗಿನ ರೈತನಿಗೋ ದನಗಾಹಿ ಕಂಪನಿಗೋ ಗೇಣಿಗೆ ಬಿಡುವುದೇ ಸುಲಭ. ಹಾಗೆಯೇ ಆಯಿತು.

ತೀರ್ಪೂ ಮರುಖರೀದಿಯೂ

ಆ ತೀರ್ಪು ಏನು ಹೇಳಿತು ಎಂದು ಕೇಳುತ್ತೀರಿ. 1983ರಲ್ಲಿ ಅಮೆರಿಕದ ಸಂಸತ್ತು ಒಂದು ಉಪಾಯ ಮಾಡಿತ್ತು. ಶೇಕಡಾ 2 ಅಥವಾ ಅದಕ್ಕಿಂತ ಚಿಕ್ಕ ಪಾಲು, ಹಿಂದಿನ ವರ್ಷ ಅದರಿಂದ 100 ಡಾಲರಿಗಿಂತ ಕಡಿಮೆ ಆದಾಯ ಬಂದಿದ್ದರೆ, ಒಡೆಯ ಸತ್ತಾಗ ಅದು ಮಕ್ಕಳಿಗಲ್ಲ, ಬುಡಕಟ್ಟಿಗೆ ಸೇರಬೇಕು. ಪರಿಹಾರ ಇಲ್ಲ. ಓಗ್ಲಾಲಾ ಸೂ ಬುಡಕಟ್ಟಿನ ಕೆಲವು ವಾರಸುದಾರರು ನ್ಯಾಯಾಲಯಕ್ಕೆ ಹೋದರು. ನ್ಯಾಯಮೂರ್ತಿ ಸಾಂಡ್ರಾ ಡೇ ಒ'ಕಾನರ್ ಬರೆದ ತೀರ್ಪು, ಸಮಸ್ಯೆ ಎಷ್ಟೇ ಗಂಭೀರವಾಗಿರಲಿ, ತನ್ನದನ್ನು ಮಕ್ಕಳಿಗೆ ಬಿಟ್ಟುಹೋಗುವ ಹಕ್ಕನ್ನು ಪರಿಹಾರವಿಲ್ಲದೆ ಕಿತ್ತುಕೊಳ್ಳುವಂತಿಲ್ಲ ಎಂದಿತು. ನನಗೆ ಇದು ಸರಿ ಎನ್ನಿಸುತ್ತದೆ. ಪಾಲು ಚಿಕ್ಕದೆಂಬುದು ಕಿತ್ತುಕೊಳ್ಳಲು ಕಾರಣವಾಗಬಾರದು. ಅದನ್ನು ಚಿಕ್ಕದು ಮಾಡಿದವರು ಅವರಲ್ಲವಲ್ಲ. ತಿದ್ದಿದ ಕಾಯ್ದೆಯನ್ನೂ ಅದೇ ನ್ಯಾಯಾಲಯ 1997ರಲ್ಲಿ ತಳ್ಳಿಹಾಕಿತು.

ಅಷ್ಟರಲ್ಲಿ ಇನ್ನೊಂದು ದಾವೆ ಶುರುವಾಗಿತ್ತು. ಮೊಂಟಾನಾದ ಬ್ಲ್ಯಾಕ್‌ಫೀಟ್ ಬುಡಕಟ್ಟಿನ ಎಲೂಯಿಸ್ ಕೊಬೆಲ್ ಎಂಬಾಕೆ ತಮ್ಮ ಬುಡಕಟ್ಟಿನ ಖಜಾಂಚಿಯಾಗಿ ಕೆಲಸ ಮಾಡಿದವರು. ಟ್ರಸ್ಟ್ ಭೂಮಿಗಳಿಂದ ಬಂದ ಗೇಣಿ, ತೈಲದ ಹಣ, ಮರದ ಹಣ ಎಲ್ಲವೂ ಸರ್ಕಾರದ ಕೈ ಸೇರಿ ಅಲ್ಲಿಂದ ಒಬ್ಬೊಬ್ಬರ ಖಾತೆಗೆ ಹೋಗಬೇಕಿತ್ತು. ಲೆಕ್ಕ ಕೊಡಿ ಎಂದು ಅವರು ಕೇಳಿದರು. ಸರ್ಕಾರ ಸರಿಯಾದ ಲೆಕ್ಕ ಕೊಡಲಿಲ್ಲ. 1996ರಲ್ಲಿ ಹೂಡಿದ ದಾವೆ 2009ರಲ್ಲಿ 340 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. ಕೊಬೆಲ್ 2011ರಲ್ಲಿ ತೀರಿಕೊಂಡರು. 2016ರಲ್ಲಿ ಅಮೆರಿಕದ ಅಧ್ಯಕ್ಷರು ಅವರಿಗೆ ಮರಣೋತ್ತರವಾಗಿ ದೇಶದ ಅತ್ಯುನ್ನತ ನಾಗರಿಕ ಪದಕ ನೀಡಿದರು.

ರಾಜಿಯ ಹಣದಲ್ಲಿ 190 ಕೋಟಿ ಡಾಲರನ್ನು ಒಂದೇ ಕೆಲಸಕ್ಕೆ ಎತ್ತಿಟ್ಟಿದ್ದರು: ಚೂರುಚೂರಾದ ಪಾಲುಗಳನ್ನು, ಮಾರಲು ಒಪ್ಪಿದವರಿಂದ ಮಾತ್ರ, ಬೆಲೆ ಕೊಟ್ಟು ಕೊಳ್ಳುವುದು. ಹತ್ತು ವರ್ಷ ನಡೆದ ಈ ಖರೀದಿ 2022ರ ನವೆಂಬರಿನಲ್ಲಿ ಮುಗಿಯಿತು. ಹೀಗೆ ಕೊಂಡದ್ದು ಒಟ್ಟು ಸುಮಾರು 30 ಲಕ್ಷ ಎಕರೆಗೆ ಸಮನಾದ ಪಾಲುಗಳು. ಅವುಗಳನ್ನು ಸರ್ಕಾರ ತಾನು ಇಟ್ಟುಕೊಳ್ಳಲಿಲ್ಲ, ಬೇರೊಬ್ಬರಿಗೆ ಮಾರಲೂ ಇಲ್ಲ. 1887ಕ್ಕೆ ಮೊದಲು ಆ ನೆಲ ಯಾರದಾಗಿತ್ತೋ ಆ ಬುಡಕಟ್ಟುಗಳ ಹೆಸರಿಗೇ, ಎಲ್ಲರಿಗೂ ಸೇರಿದ್ದೆಂದು, ಬರೆದುಕೊಟ್ಟಿತು.